ಬಣ್ಣ ಬಾರದ ನೀರು

ಏಪ್ರಿಲ್ 2, ಬೆಳಿಗ್ಗೆ 6.40

ಉಪ್ಪು 3100. ನೀರಿನ ಬಿಸಿ 26. ಪಿಎಚ್ 7.6. ಕ್ಲೋರಿನ್ 2 — ಗುಲಾಬಿ, ಚಾರ್ಟಿನ ಮೂರನೇ ಚೌಕದ ಹಾಗೆ. ಪಂಪಿನ ಸದ್ದು ಸರಿ ಇದೆ. ಇದಿಷ್ಟು ಲಾಗ್ ಬುಕ್ಕಿಗೆ.

ಇನ್ನು ಇಲ್ಲಿಗೆ. ಇವಳು ಇವತ್ತು ನೀರಿನಲ್ಲಿ 34 ಹೆಜ್ಜೆ. ನಿನ್ನೆ 31. ಕಂಬಿ ಹಿಡಿದದ್ದು ಎರಡೇ ಸಲ.

ಹೆಜ್ಜೆ ಬರೆದಿಡಿ ಎಂದು ಫಿಸಿಯೋ ಹೇಳಿದ್ದಕ್ಕೆ ತೆಗೆದ ನೋಟ್‌ಬುಕ್ ಇದು. ಬರೆಯುತ್ತಾ ಬರೆಯುತ್ತಾ ಉಳಿದದ್ದೂ ಬರುತ್ತಿದೆ. ಬರಲಿ. ಯಾರು ಓದಬೇಕು?

ಹೆಂಡತಿಗೆ ಸ್ಟ್ರೋಕ್ ಆಗಿ ಏಳು ತಿಂಗಳು. ಎಡಗೈ ಮುಕ್ಕಾಲು ಪಾಲು ವಾಪಸ್ ಬಂದಿದೆ. ಮಾತು ಪೂರ್ತಿ ಬಂದಿದೆ — ಅದರಲ್ಲೂ ನನ್ನನ್ನು ಬೈಯುವ ಮಾತು ಎಲ್ಲಕ್ಕಿಂತ ಮೊದಲು ಬಂತು. ಎಡಗಾಲು ಮಾತ್ರ ನೆಲದ ಮೇಲೆ ಎಳೆಯುತ್ತದೆ. ಎದೆಮಟ್ಟ ನೀರಿನಲ್ಲಿ ಎಳೆಯುವುದಿಲ್ಲ. ಮೂರು ತಿಂಗಳು ನೀರಿನಲ್ಲಿ ನಡೆಸಿ, ಕಾಲು ಭಾರ ಹೊರಲು ಕಲಿಯುತ್ತದೆ ಎಂದಿದ್ದಾರೆ ಫಿಸಿಯೋ. ಇವಳಿಗೆ ಬೇಕಾದದ್ದು ನಡಿಗೆಯೂ ಅಲ್ಲ, ಹೊಲಿಗೆ ಮೆಷಿನ್ನಿನ ಪೆಡಲ್. ಇಪ್ಪತ್ತಾರು ವರ್ಷ ತುಳಿದ ಪೆಡಲ್ಲಿಗೆ ಈಗ ಬಟ್ಟೆ ಹೊದಿಸಿಟ್ಟಿದ್ದಾಳೆ, ನೋಡಿದರೆ ಸಂಕಟ ಆಗುತ್ತದಂತೆ.

ಪೂಲ್ ಅಪಾರ್ಟ್‌ಮೆಂಟಿನದು. ನಾನು ಆಪರೇಟರ್, ಹದಿನೇಳನೇ ವರ್ಷ. ನಿವಾಸಿಗಳಿಗೆ ಇದೇ 25ಕ್ಕೆ ತೆರೆಯಬೇಕು. ಅಲ್ಲಿಯವರೆಗೆ ಹೊಸ ಉಪ್ಪಿನ ಮೆಷಿನ್ನಿನ ಟ್ರಯಲ್. ಅಸೋಸಿಯೇಷನ್ ಸೆಕ್ರೆಟರಿ ಹೇಳಿದ್ದು ಹೀಗೆ: "ಟ್ರಯಲ್ ಟೈಮಲ್ಲಿ ನಿಮ್ಮ ಮನೆಯವರನ್ನ ಇಳಿಸ್ಕೊಳ್ಳಿ. ನೀರು ಸರಿಯಾಗಿದ್ರೆ ಆಮೇಲೂ ಬೆಳಿಗ್ಗೆ ಅರ್ಧ ಗಂಟೆ ಕೊಡೋಣ. ನೀರಲ್ಲಿ ಏನಾದ್ರೂ ಎಡವಟ್ಟಾಯ್ತೋ, ಆಮೇಲೆ ನನ್ನನ್ನ ಕೇಳ್ಬೇಡಿ."

ನೀರು ಸರಿ ಇರಬೇಕು. ಅಷ್ಟೇ ತಾನೆ? ಹದಿನೇಳು ವರ್ಷ ಮತ್ತೇನು ಕಡಿದಿದ್ದೇನೆ?


ಏಪ್ರಿಲ್ 3, ಮಧ್ಯಾಹ್ನ

ಮೆಷಿನ್ನಿಗೆ ಮಹಾರಾಯ ಎಂದು ಹೆಸರಿಟ್ಟಿದ್ದೇನೆ. ಗೋಡೆಯ ಮೇಲೆ ಕೂತು ಹಸಿರು ಕಣ್ಣು ಮಿಟುಕಿಸುತ್ತದೆ. ಮಾತಿಲ್ಲ, ಕಥೆಯಿಲ್ಲ.

ಅದನ್ನು ಕೂರಿಸಲು ಬಂದಿದ್ದ ಇಂಜಿನಿಯರಮ್ಮ ಒಂದೇ ಗಂಟೆಯಲ್ಲಿ ಎಲ್ಲ ಹೇಳಿ ಮುಗಿಸಿದರು. ಹದಿನೈದು ಮೂಟೆ ಉಪ್ಪು ಸುರಿಸಿದರು. ಉಪ್ಪು ನೀರು ಪೈಪಿನಲ್ಲಿ ಸೆಲ್ಲಿನೊಳಗೆ ಹೋಗುತ್ತದೆ. ಅಲ್ಲಿ ಲೋಹದ ತಗಡುಗಳು. ಕರೆಂಟ್ ಹರಿದರೆ ಉಪ್ಪಿನಿಂದಲೇ ಕ್ಲೋರಿನ್ ಹುಟ್ಟುತ್ತದೆ. ಕೆಲಸ ಮುಗಿಸಿ ಮತ್ತೆ ಉಪ್ಪಾಗುತ್ತದೆ. ಉಪ್ಪು ಖರ್ಚಾಗುವುದಿಲ್ಲ, ನೀರು ಚೆಲ್ಲಿ ಹೋದರಷ್ಟೇ ಹೋಗುತ್ತದೆ. ಕೇಳಿ ಖುಷಿಯಾಯಿತು. ಇಷ್ಟು ವರ್ಷ ಡ್ರಮ್ಮಿನಿಂದ ಪುಡಿ ಅಳೆದು ಅಳೆದು ಕೆಮ್ಮಿದ್ದೇ ಬಂತು.

ವಾಕಿಂಗ್ ಬರುವವರು ಬೇಲಿಯಾಚೆಯಿಂದ ಕೇಳುತ್ತಾರೆ, "ಈಗ ಕ್ಲೋರಿನ್ ಇಲ್ವಂತಲ್ಲ?" ಇದೆ ಸ್ವಾಮಿ, ಇಲ್ಲೇ ತಯಾರಾಗುತ್ತೆ ಎಂದರೆ ಮೋಸ ಹೋದವರಂತೆ ಮುಖ ಮಾಡುತ್ತಾರೆ.

ಇಂಜಿನಿಯರಮ್ಮ ಹೋಗುವಾಗ ನನ್ನ ಮೂಗಿಗೂ ಒಂದು ಪಾಠ ಹೇಳಿದರು. ನಾನು ಬಗ್ಗಿ ನೀರು ಮೂಸುತ್ತಿದ್ದೆ. "ಅಣ್ಣಾ, ಮೂಗು ನಂಬ್ಬೇಡಿ. ಪೂಲ್ ಘಾಟು ಹೊಡೀತಿದ್ರೆ ಕ್ಲೋರಿನ್ ಜಾಸ್ತಿ ಅಂದ್ಕೋತೀರಿ, ಸಾಮಾನ್ಯವಾಗಿ ಅದು ಉಲ್ಟಾ. ಕ್ಲೋರಿನ್ ಸಾಲದೆ ಕೊಳೆ ಜೊತೆ ಸೇರ್ಕೊಂಡಾಗ ಆ ವಾಸನೆ. ಟೆಸ್ಟ್ ಕಿಟ್ ಏನು ಹೇಳುತ್ತೋ ಅದೇ ಸತ್ಯ."

ಸರಿ ತಾಯಿ ಎಂದೆ. ಹದಿನೇಳು ವರ್ಷದ ಮೂಗಿಗೆ ರಿಟೈರ್‌ಮೆಂಟ್.

ನಾಲಿಗೆಗೆ ಮಾತ್ರ ಕೊಟ್ಟಿಲ್ಲ. ಬೆರಳದ್ದಿ ನೆಕ್ಕಿ ನೋಡಿದೆ. ಕಣ್ಣೀರಿಗಿಂತ ಸಪ್ಪೆ. ಇವಳು ನೀರಿನಲ್ಲಿ ನಿಂತು ನಗುತ್ತಿದ್ದಳು. "ನೆಕ್ಕೋಕಾಗುತ್ತೆ, ಇಳಿಯೋಕಾಗಲ್ಲ. ಎಂಥ ಆಪರೇಟರ್ರೀ ನೀವು?" ನಿಜ. ಒಂದು ದಿನವೂ ಇಳಿದಿಲ್ಲ. ಈಜು ಬಾರದು. ಕಾಲ ಕೆಳಗೆ ನೆಲ ಗಟ್ಟಿ ಇರಬೇಕು ನನಗೆ.

36 ಹೆಜ್ಜೆ.


ಏಪ್ರಿಲ್ 6, ಸಂಜೆ 5

ತಲೆ ಕೆಟ್ಟಿದೆ. ಬೆಳಿಗ್ಗೆ ಕ್ಲೋರಿನ್ ಅರ್ಧ. ಗುಲಾಬಿ ಇದೆಯೋ ಇಲ್ಲವೋ ಅನ್ನುವಷ್ಟು. ಮಹಾರಾಯನ ಕಣ್ಣು ಕೆಂಪು. ಸೆಲ್ ಬಿಚ್ಚಿ ಬೆಳಕಿಗೆ ಹಿಡಿದೆ — ತಗಡುಗಳ ಮಧ್ಯೆ ಬಿಳೀ ಹಕ್ಕಳೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವಂಥದ್ದು. ಇಲ್ಲಿಯ ನೀರೇ ಗಡಸು.

ತೊಳೆದೆ. ನಾಲ್ಕು ಪಾಲು ನೀರಿಗೆ ಒಂದು ಪಾಲು ಆಸಿಡ್. ಮೊದಲು ನೀರು, ಆಮೇಲೆ ಆಸಿಡ್, ತಪ್ಪಿಯೂ ಉಲ್ಟಾ ಅಲ್ಲ. ಬುಸ್ಸೆಂದು ನೊರೆ ಬಂತು, ಹತ್ತು ನಿಮಿಷಕ್ಕೆ ಹಕ್ಕಳೆ ಕರಗಿತು. ತಗಡು ಫಳಫಳ. ಕೂರಿಸಿ ಬೂಸ್ಟ್ ಬಟನ್ ಒತ್ತಿದೆ, ದಿನವಿಡೀ ಪೂರ್ತಿ ಜೋರಿನಲ್ಲಿ ಓಡಲಿ ಎಂದು. ಕಣ್ಣು ಹಸಿರಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮನಸ್ಸು ತಡೆಯಲಿಲ್ಲ. ನಾಳೆ ಬೆಳಿಗ್ಗೆ ಇವಳು ಇಳಿಯಬೇಕು. ಸ್ಟ್ರೋಕ್ ಆದ ಮೈ, ಒಂದು ಕ್ರಿಮಿ ಹೊಕ್ಕರೂ ಕಷ್ಟ. ಹಳೆಯ ಡ್ರಮ್ಮಿನಲ್ಲಿ ಕ್ಲೋರಿನ್ ಪುಡಿ ಉಳಿದಿತ್ತು. ಎರಡು ಕೆಜಿ ಬಕೆಟ್ಟಿನಲ್ಲಿ ಕಲಸಿ ಸುತ್ತಲೂ ಹಾಕಿದೆ. ಎಲೆ ಬೀಳದಿರಲೆಂದು ಟಾರ್ಪಾಲ್ ಮುಚ್ಚಿದೆ.

ಎಲ್ಲ ಬಂದೋಬಸ್ತ್.


ಏಪ್ರಿಲ್ 7, ರಾತ್ರಿ

ಇದೇನು ಗ್ರಹಚಾರ! ಬೆಳಿಗ್ಗೆ ಕ್ಲೋರಿನ್ ಸೊನ್ನೆ.

ಟೆಸ್ಟ್ ಕಿಟ್ಟಿನ ಟ್ಯೂಬಿಗೆ ಪೂಲ್ ನೀರು ತುಂಬಿ ಮಾತ್ರೆ ಹಾಕಿದೆ, ಕುಲುಕಿದೆ. ಒಂದು ಕ್ಷಣ ಗುಲಾಬಿ ಮಿಂಚಿದಂತಾಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ನೀರು ತಿಳಿ. ಮತ್ತೆ ಮಾಡಿದೆ. ತಿಳಿ. ಮಾತ್ರೆಯ ತಾರೀಖು ನೋಡಿದೆ, ಇನ್ನೂ ಎರಡು ವರ್ಷ ಇದೆ.

ಟಾರ್ಪಾಲ್ ಎತ್ತಿದಾಗ ಘಾಟು ಮುಖಕ್ಕೆ ಹೊಡೆಯಿತು. ನನ್ನ ಹಳೇ ಮೂಗು ಜಾಸ್ತಿ, ಜಾಸ್ತಿ ಅಂತಿತ್ತು. ಬಾಯಿ ಮುಚ್ಚಿಸಿದೆ. ಘಾಟು ಅಂದರೆ ಸಾಲದು ಅಂತ ಅರ್ಥ, ಇಂಜಿನಿಯರಮ್ಮನೇ ಹೇಳಿದ್ದಾರೆ. ಎರಡು ಕೆಜಿ ಪುಡಿ ಏನು ತಿಂದುಹಾಕಿತೋ! ಕಣ್ಣಿಗೆ ಕಾಣದ ಪಾಚಿ ಇರಬೇಕು.

ಇವಳನ್ನು ಇಳಿಸುವುದು ಬೇಡವೆಂದಿದ್ದೆ. "ಒಂದು ದಿನ ಬಿಟ್ರೆ ಕಾಲು ಮೂರು ದಿನದ್ದು ಮರೆಯುತ್ತೆ" ಎಂದು ಅಳುವ ಹಾಗಾದಳು. ಕನ್ನಡಿಯಂಥ ನೀರು, ತಳದ ಟೈಲಿನ ಗೀರೂ ಕಾಣುತ್ತಿತ್ತು. ಇಳಿಸಿದೆ. 38.

ಸಂಜೆ ಇನ್ನೆರಡು ಕೆಜಿ. ಬೂಸ್ಟ್ ಆರಿಸಿಲ್ಲ.


ಏಪ್ರಿಲ್ 9

ಸೊನ್ನೆ. ಈಗ ಆ ಗುಲಾಬಿ ಮಿಂಚೂ ಇಲ್ಲ. ಹಾಕಿದಷ್ಟೂ ಇಲ್ಲ ಅನ್ನುತ್ತದೆ. ಹೊಟ್ಟೆಬಾಕ ನೀರು.

ಇಂಜಿನಿಯರಮ್ಮನಿಗೆ ಫೋನ್ ಮಾಡಲೇ ಎಂದುಕೊಂಡೆ. ಮಾಡಲಿಲ್ಲ. ಟ್ರೈನಿಂಗ್ ಮುಗಿದು ಹದಿನೈದು ದಿನ ಆಗಿಲ್ಲ, ಆಗಲೇ ಕೈಚೆಲ್ಲಿದನಾ ಅನ್ನುತ್ತಾರೆ. ಸೆಕ್ರೆಟರಿ ಕಿವಿಗೂ ಹೋಗುತ್ತದೆ.

41 ಹೆಜ್ಜೆ, ಕಂಬಿ ಮುಟ್ಟದೆ. ಮೇಲೆ ಬಂದಾಗ ಇವಳ ಕಣ್ಣು ಕೆಂಪು. ಕೇಳಿದೆ. "ಸೋಪು ಹೋಯ್ತು" ಎಂದಳು. ಕುತ್ತಿಗೆ ಕೆರೆದುಕೊಳ್ಳುತ್ತಿದ್ದಳು. "ಸೆಖೆ" ಎಂದಳು.

ಕೊಳಕು ನೀರಿನಿಂದಲೇ ಇರಬೇಕೆಂದು ನನಗೆ ಭಯ. ನಾಳೆ ಇನ್ನೊಂದು ಕೆಜಿ ಹಾಕಿಬಿಡುತ್ತೇನೆ, ಆದದ್ದಾಗಲಿ.


ಏಪ್ರಿಲ್ 10, ಸಂಜೆ

ಜಗಳ. ಕಾರಣ ಬಟ್ಟೆ. ನೀರಿಗಿಳಿಯಲು ಇವಳದು ಕಡುನೀಲಿ ಉದ್ದ ತೋಳಿನ ಡ್ರೆಸ್ಸು. ಕಾಯಿಲೆಗೆ ಮುಂಚೆ ತಾನೇ ಹೊಲಿದದ್ದು, ಬೇರೆ ಯಾರಿಗೋ. ಅವರು ತೆಗೆದುಕೊಂಡು ಹೋಗಲೇ ಇಲ್ಲ.

"ರೀ, ಇದರ ಬಣ್ಣ ಯಾಕೋ ಹೋಗ್ತಿದೆ."

"ಹಳೇ ಬಟ್ಟೆ, ಹೋಗುತ್ತೆ."

"ಈ ಬಟ್ಟೆ ಬಣ್ಣ ಬಿಡೋ ಜಾತಿದಲ್ಲ. ನಾನೇ ತಂದಿದ್ದು, ನಾನೇ ಒಗೆದು ನೋಡಿದ್ದು. ಬ್ಲೀಚ್ ಬಿದ್ದ ಹಾಗಿದೆ."

ಅಷ್ಟಕ್ಕೇ ನನಗೆ ನೆತ್ತಿಗೇರಿತು. "ನೀರಲ್ಲಿ ಬ್ಲೀಚ್ ಸೊನ್ನೆ ಅಂತ ಮೂರು ದಿನದಿಂದ ಮೈ ಪರಚ್ಕೋತಿದ್ದೀನಿ. ನೀನು ಬಟ್ಟೆ ನೋಡ್ಕೋ, ನೀರು ನನಗೆ ಬಿಡು."

ಕೋಲು ಊರಿಕೊಂಡು ಒಳಗೆ ಹೋದಳು. ಎಡಗಾಲಿನ ಸದ್ದು ಬಾಗಿಲವರೆಗೂ ಕೇಳಿಸುತ್ತಿತ್ತು. ನಾನು ಹಾಗೆ ಹೇಳಬಾರದಿತ್ತು. ಹೋಗಿ ಏನೂ ಹೇಳಲೂ ಇಲ್ಲ.


ಏಪ್ರಿಲ್ 12, ಮಧ್ಯಾಹ್ನ 1

ಆದದ್ದನ್ನೆಲ್ಲ ಬರೆಯುತ್ತೇನೆ. ಕ್ರಮವಾಗಿ.

ಬೆಳಿಗ್ಗೆ 44 ಹೆಜ್ಜೆ. ಮನೆಗೆ ಬಂದು ಇವಳು ಮಲಗಿದಳು. ನಾನು ಬಚ್ಚಲಿಗೆ ಹೋದೆ. ಡ್ರೆಸ್ಸು ಒಣಗಲು ಹಾಕಿತ್ತು, ಒಳಗಿನ ಅಸ್ತರು ಹೊರಗಾಗಿ. ದರ್ಜಿ ಹೆಂಗಸು, ಯಾವತ್ತೂ ಬಟ್ಟೆ ಹಾಗೆ ಹಾಕಿದವಳಲ್ಲ. ಯಾಕೋ ತಿರುಗಿಸಿ ನೋಡಿದೆ.

ನಸುಕಿನಲ್ಲಿ, ಮೇಲೆ ಟವೆಲ್ ಸುತ್ತಿಕೊಂಡು ಬರುತ್ತಿದ್ದವಳ ಬಟ್ಟೆ ನಾನು ಸರಿಯಾಗಿ ನೋಡಿರಲೇ ಇಲ್ಲ. ಎದೆಯಿಂದ ಕೆಳಗೆ ನೀಲಿಯೇ ಇಲ್ಲ. ಮಾಸಲು ಕಂದು, ಅಲ್ಲಲ್ಲಿ ಬಿಳುಪು. ಎದೆಯಿಂದ ಮೇಲೆ ಹಾಗೇ ಕಡುನೀಲಿ. ಎರಡರ ನಡುವೆ ಅಡ್ಡಕ್ಕೆ ಒಂದು ಗೆರೆ, ಸ್ಕೇಲಿಟ್ಟು ಎಳೆದ ಹಾಗೆ.

ಹಿಂದೆ ಬಂದು ನಿಂತಿದ್ದಳು. "ಬಿಸಿಲಿಗೆ ಹೋಗೋದಾದ್ರೆ ಹೆಗಲಿಂದ ಹೋಗಬೇಕಿತ್ತು" ಎಂದಳು. "ನೀರು ಎಲ್ಲಿವರೆಗೆ ಬರುತ್ತೋ ಅಲ್ಲಿವರೆಗೆ ಹೋಗಿದೆ. ನೋಡಿ."

"ಯಾಕೆ ಮುಚ್ಚಿಟ್ಟೆ?"

"ತೋರಿಸಿದ್ರೆ ನೀವು ನನ್ನನ್ನ ನೀರಿಗೆ ಇಳಿಸ್ತಿರಲಿಲ್ಲ."

"ಕಣ್ಣು?"

"ಉರಿಯುತ್ತೆ. ಮೊನ್ನೆಯಿಂದ ಮೈಯೂ ಉರಿಯುತ್ತೆ." ಗೋಡೆ ಹಿಡಿದುಕೊಂಡಳು. "ನೀರು ಬಿಟ್ರೆ ನನಗೆ ಕಾಲಿಲ್ಲ ರೀ. ಅಷ್ಟೇ."

ತೋಳು ಮೇಲೆತ್ತಿ ನೋಡಿದೆ. ಚರ್ಮ ಕೆಂಪಗೆ ದದ್ದರಿಸಿದೆ.

ಮಾನ ಮರ್ಯಾದೆ ಬದಿಗಿಟ್ಟು ಇಂಜಿನಿಯರಮ್ಮನಿಗೆ ಫೋನ್ ಮಾಡಿದೆ. ಪುಡಿ ಹಾಕಿದ್ದು, ಬೂಸ್ಟ್, ಟಾರ್ಪಾಲ್, ಸೊನ್ನೆ — ಎಲ್ಲ ಒದರಿದೆ.

"ಅಣ್ಣಾ, ಮಾತ್ರೆ ಹಾಕಿದ ತಕ್ಷಣ ಒಂದು ಸಲ ಗುಲಾಬಿ ಬಂದು ಹೋಯ್ತಾ?"

"ಮೊದಲ ದಿನ ಬಂತು."

"ಅಯ್ಯೋ... ಒಂದು ಲೋಟ ಪೂಲ್ ನೀರಿಗೆ ಒಂಬತ್ತು ಲೋಟ ಕುಡಿಯೋ ಕ್ಯಾನ್ ನೀರು ಸೇರಿಸಿ. ಅದನ್ನ ಟೆಸ್ಟ್ ಮಾಡಿ. ಬಂದಿದ್ದನ್ನ ಹತ್ತರಿಂದ ಗುಣಿಸಿ. ಅಲ್ಲೀವರೆಗೆ ಯಾರನ್ನೂ ಇಳಿಸ್ಬೇಡಿ."

ಓಡಿದೆ. ಬೆರೆಸಿದೆ. ಮಾತ್ರೆ ಹಾಕಿ ಕುಲುಕಿದೆ. ಬಂತು ಬಣ್ಣ, ಚೆನ್ನಾಗಿ ಬಂತು, ನಿಂತೂ ನಿಂತಿತು. ಎರಡೂವರೆ.

ಅಂದರೆ ಇಪ್ಪತ್ತೈದು.

ಇರಬೇಕಾದ್ದು ಎರಡು, ಮೂರು. ಕ್ಲೋರಿನ್ ಮಿತಿ ಮೀರಿದರೆ ಬಟ್ಟೆಯ ಬಣ್ಣ ತಿಂದ ಹಾಗೆ ಟೆಸ್ಟಿನ ಬಣ್ಣವನ್ನೂ ತಿನ್ನುತ್ತದೆ. ತೀರಾ ಹೆಚ್ಚಾದದ್ದು ಏನೂ ಇಲ್ಲದ ಹಾಗೆ ಕಾಣುತ್ತದೆ. ನಾನು ಇಲ್ಲ ಇಲ್ಲ ಎಂದು ಸುರಿಯುತ್ತಲೇ ಹೋದೆ. ಅದರೊಳಗೆ ಇವಳನ್ನು ದಿನಾ ಬೆಳಿಗ್ಗೆ ನಾನೇ ಕೈ ಹಿಡಿದು ಇಳಿಸಿದೆ.

ಮಹಾರಾಯನನ್ನು ಆಫ್ ಮಾಡಿ ಪಂಪ್ ರೂಮಿನಲ್ಲಿ ಕೂತು ಅತ್ತೆ. ಬರೆಯಲು ನಾಚಿಕೆ ಏನು, ಅತ್ತೆ.


ಏಪ್ರಿಲ್ 13, ಸಂಜೆ

ಡಾಕ್ಟರ್ ಕಣ್ಣು ನೋಡಿದರು. ಪುಣ್ಯಕ್ಕೆ ಒಳಗೆ ಏನೂ ಆಗಿಲ್ಲ. ಡ್ರಾಪ್ಸ್, ಮೈಗೆ ಮುಲಾಮು, ಹತ್ತು ದಿನ ನೀರು ಬೇಡ.

ಲಾಗ್ ಬುಕ್ ತೆರೆದುಕೊಂಡು ಬಹಳ ಹೊತ್ತು ಕೂತಿದ್ದೆ. 7ನೇ ತಾರೀಖಿನಿಂದ ಕ್ಲೋರಿನ್ ಕಾಲಂ ಖಾಲಿ ಬಿಟ್ಟಿದ್ದೇನೆ, ಸೊನ್ನೆ ಬರೆಯಲು ಅವಮಾನ ಎಂದು. ಈಗ ಪ್ರತಿದಿನಕ್ಕೂ 2 ಎಂದು ತುಂಬಿದರೆ ಕೇಳುವವರಿಲ್ಲ. ನೀರಿಗೆ ಇಳಿದವಳು ಇವಳೊಬ್ಬಳೇ. ಇವಳು ಯಾರ ಹತ್ತಿರ ಹೇಳುತ್ತಾಳೆ? ಇಂಜಿನಿಯರಮ್ಮನೂ ಬೇಡಿಕೊಂಡರೆ ಸುಮ್ಮನಿದ್ದಾರು. ನಿಜ ಬರೆದರೆ ಸೆಕ್ರೆಟರಿ ಆ ಅರ್ಧ ಗಂಟೆಗೆ ಕತ್ತರಿ ಹಾಕುತ್ತಾರೆ. ಆಗ ಕಾಲು?

ಇವಳನ್ನೇ ಕೇಳಿದೆ. ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ಬಟ್ಟೆ ತೆಗೆಯದೆ ಹೇಳಿದಳು, "25ಕ್ಕೆ ಮಕ್ಕಳು ಇಳೀತಾರೆ. ಮುಂದೆ ನೀವು ರಜಾ ಹಾಕಿದ ದಿನ ಬೇರೆಯವರು ಟೆಸ್ಟ್ ಮಾಡ್ತಾರೆ. ಅವರಿಗೂ ತಿಳಿ ನೀರು ಬಂದ್ರೆ? ಬರೀರಿ."

"ಬೆಳಗಿನ ಟೈಮ್ ಹೋದ್ರೆ?"

"ಹೋದ್ರೆ ಅಳ್ತೀನಿ. ಬರೀರಿ."

ಬರೆದೆ. ಕೆಂಪು ಪೆನ್ನಿನಲ್ಲಿ, ಒಂದು ಪುಟ. ಸೆಕ್ರೆಟರಿ ಮನೆಗೆ ನಾನೇ ಒಯ್ದೆ. ಓದಿದರು. ಕನ್ನಡಕ ತೆಗೆದರು. "ಇಷ್ಟು ವರ್ಷದ ಅನುಭವ ಇಟ್ಕೊಂಡು..." ಎಂದು ಶುರು ಮಾಡಿ ಕಾಲು ಗಂಟೆ ನೀರಿಳಿಸಿದರು. ತಲೆ ತಗ್ಗಿಸಿ ನಿಂತೆ. ಕೊನೆಗೆ ಕೇಳಿದರು, "ಮನೆಯವರು ಹೇಗಿದ್ದಾರೆ?" ಹೇಳಿದೆ. "ಹೊರಗಿನ ಲ್ಯಾಬ್ ರಿಪೋರ್ಟ್ ಬರೋವರೆಗೆ ಗೇಟಿಗೆ ಬೀಗ. ಬೆಳಗಿನ ವಿಷಯ ಆಮೇಲೆ ನೋಡೋಣ."

ನೋಡೋಣ ಅಂದದ್ದನ್ನು ಇವಳಿಗೆ ಹೇಳಿದೆ. ಹೇಗೆ ಅಂದರು, ಯಾವ ಮುಖ ಮಾಡ್ಕೊಂಡು ಅಂದರು ಎಂದು ನಾಲ್ಕು ಸಲ ಕೇಳಿದಳು.


ಏಪ್ರಿಲ್ 19

ಬರೆದು ಆರು ದಿನ ಆಯಿತು. ಹೆಜ್ಜೆ ಇಲ್ಲ, ಬರೆಯುವುದೇನು?

ಟಾರ್ಪಾಲ್ ಮಡಿಸಿಟ್ಟಿದ್ದೇನೆ. ಬಿಸಿಲು ಕ್ಲೋರಿನ್ ತಿನ್ನಲಿ. ಕಾಲು ಭಾಗ ನೀರು ಹೊರಗೆ ಬಿಟ್ಟು ಹೊಸದು ತುಂಬಿದೆ. ಜೊತೆಗೆ ಉಪ್ಪೂ ಹೋಯಿತು, 2300ಕ್ಕೆ ಇಳಿಯಿತು. ನಾಲ್ಕು ಮೂಟೆ ಸುರಿದು, ಕರಗುವವರೆಗೆ ಬ್ರಶ್ಶಿನಿಂದ ತಳ ಉಜ್ಜಿದೆ. ಬೆನ್ನು ಮುರಿಯಿತು. ಮುರಿಯಲಿ.

ದಿನಕ್ಕೆ ಎರಡು ಟೆಸ್ಟು, ಒಂದು ನೇರ, ಒಂದು ಬೆರೆಸಿದ್ದು. 25, 18, 9, 5, ಇವತ್ತು 3. ಮೊನ್ನೆ ಮೂಗಿಗೂ ಮತ್ತೆ ಕೆಲಸ ಕೊಟ್ಟೆ. ಇಂಜಿನಿಯರಮ್ಮ ತಾವೇ ಬಂದಿದ್ದರು. "ನಾನು ಅರ್ಧ ಹೇಳಿ ಹೋದೆ, ತಪ್ಪು ನಂದೂ ಇದೆ" ಎಂದರು. ಹಾಗೆ ಹೇಳುವ ಅಗತ್ಯ ಇರಲಿಲ್ಲ, ಹೇಳಿದರು. ಬೆರೆಸಿ ನೋಡುವ ವಿಧಾನ ದೊಡ್ಡಕ್ಷರದಲ್ಲಿ ಬರೆದು ಮಹಾರಾಯನ ಕೆಳಗೆ ಅಂಟಿಸಿದೆವು.

ಇವಳ ದದ್ದು ಇಳಿದಿದೆ. ಕಾಲು ಮಾತ್ರ ಬಿಗಿದಿದೆ. ನಿನ್ನೆ ಪೆಡಲ್ ಮೇಲಿನ ಬಟ್ಟೆ ತೆಗೆದು ಕಾಲಿಟ್ಟು ನೋಡಿದಳಂತೆ. ಹಿಮ್ಮಡಿ ಒತ್ತಿತು, ಬೆರಳು ಒತ್ತಲಿಲ್ಲ. ನಾನು ಕೇಳದೆ ಅವಳಾಗಿ ಹೇಳಿದಳು.


ಏಪ್ರಿಲ್ 22, ಸಂಜೆ

ರಿಪೋರ್ಟ್ ಬಂತು. ಎಲ್ಲ ಸರಿ. ಸೆಕ್ರೆಟರಿ ಸಹಿ ಹಾಕಿ ಕೊಡುತ್ತಾ ಹೇಳಿದರು: "ದಿನಾ ರೀಡಿಂಗ್ ಬೋರ್ಡಲ್ಲಿ ಬರೀಬೇಕು, ಎರಡೂ. ನಿಮ್ಮ ಮನೆಯವರು ಐದೂವರೆಗೆ ಬರಲಿ. ಸುಳ್ಳು ಬರೆದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ, ಅದನ್ನ ನಾನು ಮರೆತಿಲ್ಲ."

ಮೆಟ್ಟಿಲು ಎರಡೆರಡು ಹಾರಿ ಮನೆಗೆ ಬಂದೆ. ಇವಳು ಖುಷಿಯಿಂದ ಕುಣಿಯಬಹುದು ಎಂದುಕೊಂಡಿದ್ದೆ, ಕೋಲು ಹಿಡಿದಾದರೂ. ಕೋಲು ಪಕ್ಕಕ್ಕಿಟ್ಟು ಕೂತಳು.

"ಹೆದರಿಕೆ ಆಗುತ್ತೆ" ಎಂದಳು.

"ಎರಡು ಸಲ ಟೆಸ್ಟ್ ಮಾಡ್ತೀನಿ. ಲ್ಯಾಬ್ ರಿಪೋರ್ಟ್ ಇದೆ. ಬೋರ್ಡ್..."

"ಅದೆಲ್ಲ ಸರಿ." ನನ್ನ ಮುಖ ನೋಡಿದಳು. "ಆವಾಗಲೂ ನೀವು ದಡದಲ್ಲಿ ನಿಂತು ನೀರು ಚೆನ್ನಾಗಿದೆ ಅಂದ್ರಿ. ನಾಳೆ ಮೊದಲು ನೀವು ಇಳೀರಿ. ಆಮೇಲೆ ನಾನು."

ನಗಲು ನೋಡಿದೆ. ಅವಳು ನಗಲಿಲ್ಲ.

"ನನಗೆ ಈಜು ಬರಲ್ಲ ಮಾರಾಯ್ತಿ."

"ನನಗೇನು ಬರುತ್ತಾ? ಎದೆಮಟ್ಟ ನೀರು. ನಾನಿರ್ತೀನಿ."

ಬೀರುವಿನಲ್ಲಿ ನೀರಿಗಿಳಿಯುವಂಥ ಚಡ್ಡಿ ನನ್ನದೊಂದೂ ಇಲ್ಲ. ಹಳೇ ಪೈಜಾಮ ಮೊಣಕಾಲಿಗೆ ಕತ್ತರಿಸಿ, ಕೂತಲ್ಲೇ ಕೈಹೊಲಿಗೆ ಹಾಕಿದಳು.


ಏಪ್ರಿಲ್ 23, ಬೆಳಿಗ್ಗೆ 5.35

ಉಪ್ಪು 3150. ಬಿಸಿ 27. ಪಿಎಚ್ 7.4. ಕ್ಲೋರಿನ್ ನೇರ 2, ಬೆರೆಸಿದ್ದೂ ಲೆಕ್ಕಕ್ಕೆ 2. ಮೂಗಿಗೂ ಒಪ್ಪಿಗೆ. ಬೋರ್ಡಿನಲ್ಲಿ ಬರೆದಾಯಿತು.

ಇವಳು ಕಂಬಿ ಹಿಡಿದು ಮೇಲಿನ ಮೆಟ್ಟಿಲ ಹತ್ತಿರ ನಿಂತಿದ್ದಾಳೆ. ಅದೇ ಡ್ರೆಸ್ಸು, ಅರ್ಧ ನೀಲಿ, ಅರ್ಧ ಕಂದು. ಹೊಸದು ತರುತ್ತೇನೆ ಎಂದರೆ ಬೇಡವಂತೆ, ನನಗೆ ನೆನಪಿರಬೇಕಂತೆ.

ಮೊದಲನೇ ಮೆಟ್ಟಿಲಲ್ಲಿ ಕೂತು ಬರೆಯುತ್ತಿದ್ದೇನೆ. ಪಾದ ನೀರಿನಲ್ಲಿ. ಬೆಚ್ಚಗಿದೆ ಎಂದು ಎಷ್ಟು ಸಾವಿರ ಸಲ ಬರೆದಿಲ್ಲ ನಾನು, ಬೆಚ್ಚಗಿಲ್ಲ, ತಣ್ಣಗಿದೆ. ಮುಖಕ್ಕೂ ಎರಚಿಕೊಂಡೆ, ಕಣ್ಣು ಬಿಟ್ಟುಕೊಂಡೇ. ಉರಿಯಲಿಲ್ಲ. ಹಾಗೆಂದು ಹೇಳಿದೆ.

"ಗೊತ್ತಾಯ್ತು. ಪುಸ್ತಕ ಮೇಲಿಡಿ, ನೆನೆಯುತ್ತೆ" ಎನ್ನುತ್ತಿದ್ದಾಳೆ. ಬಲಗೈಯಲ್ಲಿ ಕಂಬಿ, ಎಡಗೈ ನನ್ನ ಕಡೆ ಚಾಚಿದ್ದಾಳೆ. ಬೆರಳು ಪೂರ್ತಿ ಬಿಚ್ಚಿದೆ.

ಹೆಜ್ಜೆ: ನನ್ನದು 1. ಅವಳದು —